ಗುಂಟೆಯ ಅಳತೆ ಒಂದೇ, ಕಾನೂನು ಬೇರೆ

ಪ್ರಶ್ನೆ: ನಾನು ಧಾರವಾಡದವನು, ಎಂಟು ವರ್ಷಗಳಿಂದ ಪುಣೆಯಲ್ಲಿ ನೌಕರಿಯಲ್ಲಿದ್ದೇನೆ. ಮುಳಶಿ ತಾಲ್ಲೂಕಿನಲ್ಲಿ ಎರಡು ಗುಂಟೆ ಜಾಗ ಅಗ್ಗದಲ್ಲಿ ಸಿಗುತ್ತದೆ, ನೋಟರಿ ಮಾಡಿಸಿದರೆ ಸಾಕು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಊರಲ್ಲಿ ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದಲ್ಲವೇ?

ಉತ್ತರ: ಊರಲ್ಲಿ ಕೊಳ್ಳಬಹುದು, ಇಲ್ಲಿ ಹಾಗಲ್ಲ. ಕರ್ನಾಟಕವು 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ನಿರ್ಬಂಧವನ್ನು ತೆಗೆದುಹಾಕಿತು. ಮಹಾರಾಷ್ಟ್ರದಲ್ಲಿ ಆ ನಿರ್ಬಂಧ ಉಳಿದಿದೆ; ರೈತರಲ್ಲದವರು ಕೃಷಿ ಭೂಮಿ ಕೊಳ್ಳಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಗುಂಟೆ ಎಂದರೆ ಅಲ್ಲಿಯೂ ಇಲ್ಲಿಯೂ 1,089 ಚದರಡಿಯೇ ಆದ್ದರಿಂದ, ಉಳಿದದ್ದೂ ಒಂದೇ ಇರಬಹುದೆಂದು ನಂಬಿ ನಮ್ಮವರು ಮೋಸಹೋಗುತ್ತಾರೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಮ್ಮ ಪಹಣಿಯ ಸ್ಥಾನದಲ್ಲಿ ಇಲ್ಲಿರುವುದು ಸಾತ್‌ಬಾರಾ. ಮಹಾಭೂಲೇಖ ಜಾಲತಾಣದಿಂದ ಅದನ್ನು ನೀವೇ ತೆಗೆಸಿ ನೋಡಿ. ಅದರಲ್ಲಿ ಭೋಗವಟಾದಾರ (ಹಿಡುವಳಿದಾರ) ವರ್ಗ-2 ಎಂದಿದ್ದರೆ ಸರ್ಕಾರದ ಅನುಮತಿಯಿಲ್ಲದೆ ಆ ಭೂಮಿಯನ್ನು ಮಾರುವಂತಿಲ್ಲ. ‘ಇತರ ಅಧಿಕಾರ’ ಎಂಬ ಅಂಕಣದಲ್ಲಿ ಬ್ಯಾಂಕಿನ ಸಾಲ, ಗೇಣಿಯ ಹಕ್ಕು ಇತ್ಯಾದಿ ಕಾಣಿಸುತ್ತವೆ. ಹೆಸರುಗಳು ಹೇಗೆ ಬದಲಾದವೆಂಬುದು ಫೇರ್‌ಫಾರ್ ದಾಖಲೆಯಲ್ಲಿರುತ್ತದೆ. ಒಂದೇ ಸಾತ್‌ಬಾರಾದಲ್ಲಿ ಹತ್ತಾರು ಜನರ ಹೆಸರು ಸೇರಿಸಿ ಮಾರುವ ಕಡೆ ನಿಮ್ಮ ಪಾಲಿಗೆ ಬರುವುದು ಅವಿಭಜಿತ ಹಿಸ್ಸೆ ಮಾತ್ರ. ಏಜೆಂಟರು ನಕ್ಷೆಯಲ್ಲಿ ಎಳೆದು ತೋರಿಸುವ ಗಡಿ ಸರ್ಕಾರಿ ದಾಖಲೆಯಲ್ಲಿ ಇರುವುದಿಲ್ಲ. ಇನ್ನು ನೋಟರಿಯ ಮಾತು: ಅದರಿಂದ ಸ್ಥಿರಾಸ್ತಿಯ ಒಡೆತನ ಕೈಬದಲಾಗುವುದಿಲ್ಲ, ಉಪನೋಂದಣಿ ಕಚೇರಿಯಲ್ಲಿ ಖರೀದಿಪತ್ರ ನೋಂದಣಿಯಾಗಲೇಬೇಕು. ಕೃಷಿಯೇತರ ಬಳಕೆಯ (ಎನ್‌ಎ) ದಾಖಲೆ, ಮಂಜೂರಾದ ಲೇಔಟ್ ಮತ್ತು 500 ಚದರ ಮೀಟರಿಗಿಂತ ದೊಡ್ಡ ಯೋಜನೆಯಾಗಿದ್ದರೆ ಮಹಾರೇರಾ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಇವನ್ನು ನೋಡದೆ ಟೋಕನ್ ಹಣ ಕೊಡಬೇಡಿ.

ಪ್ರಶ್ನೆ: ಬಾಡಿಗೆಗೆ ಕೊಡುವ ಉದ್ದೇಶದಿಂದ ವಾಕಡ್‌ನಲ್ಲಿ ಕಟ್ಟುತ್ತಿರುವ 80 ಲಕ್ಷದ ಫ್ಲ್ಯಾಟ್ ಕೊಳ್ಳಬೇಕೆಂದಿದ್ದೇನೆ. ಉಳಿತಾಯ 16 ಲಕ್ಷ ಇದೆ. 22,000 ರೂಪಾಯಿ ಬಾಡಿಗೆ ಬರಬಹುದು. ಇಷ್ಟು ಸಾಕೇ?

ಉತ್ತರ: ಸಾಲದು. ಈ ಮೊತ್ತಕ್ಕೆ ಬ್ಯಾಂಕು ಬೆಲೆಯ ಶೇ. 80ರವರೆಗೆ, ಅಂದರೆ 64 ಲಕ್ಷ ಸಾಲ ಕೊಡಬಹುದು. ಉಳಿದ 16 ಲಕ್ಷಕ್ಕೇ ನಿಮ್ಮ ಉಳಿತಾಯ ಮುಗಿಯುತ್ತದೆ. ಪುಣೆ ನಗರದಲ್ಲಿ ಪುರುಷರ ಹೆಸರಿಗೆ ಮುದ್ರಾಂಕ ಶುಲ್ಕ ಶೇ. 7, ಅಂದರೆ 5.6 ಲಕ್ಷ, ನೋಂದಣಿಗೆ 30,000, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬರುವ ಮೊದಲು ಕೊಂಡರೆ ಶೇ. 5ರ ಜಿಎಸ್‌ಟಿ, 4 ಲಕ್ಷ. ಕೈಯಿಂದ ಹೋಗುವುದು ಸುಮಾರು 26 ಲಕ್ಷ. ಖರೀದಿ ಹೆಂಡತಿಯ ಹೆಸರಿನಲ್ಲಾದರೆ ಮುದ್ರಾಂಕದಲ್ಲಿ ಶೇ. 1 ಉಳಿಯುತ್ತದೆ.

ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 55,500 ರೂಪಾಯಿ. ಬಾಡಿಗೆ ಬಂದ ಮೇಲೂ 33,500 ನಿಮ್ಮ ಸಂಬಳದಿಂದಲೇ ಹೋಗಬೇಕು, ಸೊಸೈಟಿಯ ನಿರ್ವಹಣಾ ಶುಲ್ಕ ಬೇರೆ. ಮನೆ ಸಿದ್ಧವಾಗುವವರೆಗೆ ಬಾಡಿಗೆಯೂ ಇಲ್ಲ, ಆದರೆ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಮೊದಲ ಹೂಡಿಕೆಗೆ ನಾನು ಜನರು ವಾಸವಾಗಿರುವ ಹಳೆಯ ಸೊಸೈಟಿಯ ಚಿಕ್ಕ ಮನೆಯನ್ನೇ ಸೂಚಿಸುತ್ತೇನೆ: ಜಿಎಸ್‌ಟಿ ಇರುವುದಿಲ್ಲ, ಬಾಡಿಗೆ ಬೇಗ ಕೈಸೇರುತ್ತದೆ, ನೀರಿನ ಸ್ಥಿತಿಯನ್ನು ನೆರೆಯವರಿಂದಲೇ ಕೇಳಿ ತಿಳಿಯಬಹುದು. ನಮ್ಮ ಕಡೆಯ ಋಣಭಾರ ಪತ್ರದ ಬದಲು ಇಲ್ಲಿ ವಕೀಲರಿಂದ 30 ವರ್ಷಗಳ ಸರ್ಚ್ ರಿಪೋರ್ಟ್ (ಹಳೆಯ ದಾಖಲೆಗಳ ಪರಿಶೀಲನಾ ವರದಿ) ಮಾಡಿಸುವುದು ರೂಢಿ. ಆ ಖರ್ಚಿನಲ್ಲಿ ಜಿಪುಣತನ ಬೇಡ. ಹೊಸ ಕಟ್ಟಡವೇ ಬೇಕೆಂದಾದರೆ, ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂಬುದನ್ನು ನೆನಪಿಡಿ.

ಪ್ರಶ್ನೆ: ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ನೋಂದಣಿ ಬೇಡವಂತೆ, ನಿಜವೇ?

ಉತ್ತರ: ಮಹಾರಾಷ್ಟ್ರದ ಮಟ್ಟಿಗೆ ತಪ್ಪು. 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಇಲ್ಲಿ ಬಾಡಿಗೆಗೆ ಮಾಡಿಕೊಳ್ಳುವ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸಬೇಕು. ಆ ಹೊಣೆ ಮಾಲೀಕರದು. ನೋಂದಾಯಿಸದಿದ್ದರೆ, ವ್ಯಾಜ್ಯ ಬಂದಾಗ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಿಜವೆಂದು ನ್ಯಾಯಾಲಯ ಹಿಡಿಯುತ್ತದೆ, ಅದನ್ನು ಅಲ್ಲಗಳೆಯುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಬಾಡಿಗೆಗೆ ಕೊಟ್ಟ ಮನೆಯ ಮೇಲೆ ಸೊಸೈಟಿಯವರು ಹೆಚ್ಚುವರಿ ಶುಲ್ಕ ಕೇಳುತ್ತಾರೆ. ಅದು ಸೇವಾ ಶುಲ್ಕದ ಶೇ. 10ನ್ನು ಮೀರಿದ್ದರೆ ಲಿಖಿತವಾಗಿ ಆಕ್ಷೇಪಿಸಿ.