ಹೊಳೆ ದಂಡೆಯಲ್ಲಿ ನೀರುಕಣಗಿಲೆ ಬೆಳೆಸುವುದು ಹೇಗೆ?

ಶಿರಸಿ ಕಡೆ ಅಘನಾಶಿನಿ ದಂಡೆಯಲ್ಲಿ ನಿಮ್ಮ ತೋಟ. ಹೊಳೆಯ ಕಲ್ಲಿನ ಸಂದಿಯಲ್ಲಿ ಕಣಗಿಲೆಯಂಥ ಎಲೆಯ ಪೊದೆ ಬೇಕಾದಷ್ಟಿತ್ತು, ಈಗ ಒಂದೆರಡೇ ಉಳಿದಿವೆ. ಜುಲೈನಲ್ಲಿ ಅದರ ಕಡ್ಡಿ ನೆಟ್ಟರೆ ಎಲ್ಲವೂ ಕೊಚ್ಚಿ ಹೋಯಿತು. ಇಷ್ಟು ಬರೆದಿದ್ದೀರಿ.

ನೀವು ಹೇಳುವುದು ನೀರುಕಣಗಿಲೆ ಇರಬೇಕು, ವೈಜ್ಞಾನಿಕ ಹೆಸರು ಹೊಮೊನೋಯಾ ರೈಪೇರಿಯಾ. ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಹೂವಿನ ಕಣಗಿಲೆಗೆ ಸಾಮಾನ್ಯವಾಗಿ ಒಂದೇ ಗಂಟಿನಲ್ಲಿ ಮೂರು ಎಲೆ ಸುತ್ತಲೂ ಬರುತ್ತವೆ. ನೀರುಕಣಗಿಲೆಗೆ ಒಂದು ಗಂಟಿಗೆ ಒಂದೇ ಎಲೆ. ಹೂವಿನ ಕಣಗಿಲೆ ವಿಷ, ದನ ಮೇಯುವ ಜಾಗದಲ್ಲಿ ಅದನ್ನು ತಪ್ಪಿಯೂ ನೆಡಬೇಡಿ.

ನಿಮ್ಮ ಕಡ್ಡಿ ಹೋದದ್ದು ನೆಟ್ಟ ಕಾಲದಿಂದ. ಮಳೆ ಬಂತು, ಗಿಡ ನೆಡೋಣ ಅನ್ನುವುದು ಹುಲ್ಲಿನ ಬೇಣಕ್ಕೆ, ಬೆಟ್ಟಕ್ಕೆ ಸರಿ. ಹೊಳೆಯೊಳಗೆ ಅದು ತಿರುಗುಮುರುಗು. ಈ ಗಿಡ ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ, ಆದರೆ ಬೇರು ಕಲ್ಲನ್ನು ಹಿಡಿದಿದ್ದರೆ ಮಾತ್ರ. ಚಿತ್ತೆ, ಸ್ವಾತಿ ಮಳೆ ಮುಗಿದು ನೀರು ಇಳಿದ ಮೇಲೆ, ನವೆಂಬರ್‌ನಲ್ಲಿ ನೆಡಿ. ಮುಂದಿನ ಜೂನ್‌ವರೆಗೆ ಬೇರಿಗೆ ಪುರಸೊತ್ತು ಸಿಗುತ್ತದೆ.

ಇನ್ನೊಂದು ಸಂಗತಿಯನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದೇ ಪೊದೆಯಿಂದ ನೂರು ಕಡ್ಡಿ ತೆಗೆದರೂ ಅವೆಲ್ಲ ಗಂಡೇ ಅಥವಾ ಎಲ್ಲ ಹೆಣ್ಣೇ, ಬೀಜ ಕಟ್ಟುವುದಿಲ್ಲ. ಚಳಿಗಾಲದಲ್ಲಿ ತೆನೆಯಂಥ ಹೂ ಬಂದಾಗ ನೋಡಿ. ಗಂಡಿನ ತೆನೆ ಪರಾಗ ಉದುರಿಸಿ ಒಣಗುತ್ತದೆ, ಹೆಣ್ಣಿನದರಲ್ಲಿ ಪುಟ್ಟ ಕಾಯಿ ನಿಲ್ಲುತ್ತವೆ. ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿಡಿ. ನಿಮ್ಮಲ್ಲಿ ಉಳಿದ ಎರಡೂ ಗಂಡೇ ಆಗಿದ್ದರೆ ಅದೇ ಹೊಳೆಯ ಮೇಲೆ ಕೆಳಗೆ ಹುಡುಕಬೇಕು. ಅಲ್ಲಿ ಕಾಡಿದ್ದರೆ ಅರಣ್ಯ ಇಲಾಖೆಯವರನ್ನು ಕೇಳದೆ ಕತ್ತಿ ಹಾಕಬೇಡಿ.

ಕಡ್ಡಿ ಮಾಡುವುದು ಸುಲಭ. ಹೂ ಮುಗಿದ ಮೇಲೆ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಬಲಿತ ತುಂಡು ತೆಗೆಯಿರಿ. ತುದಿಯ ಒಂದೆರಡು ಎಲೆ ಬಿಟ್ಟು ಉಳಿದದ್ದು ಚಿವುಟಿ. ಪ್ಲಾಸ್ಟಿಕ್ ಕೊಟ್ಟೆಗೆ ಹೊಳೆಯ ಮರಳೇ ಜಾಸ್ತಿ ಹಾಕಿ, ಸ್ವಲ್ಪ ಮಣ್ಣು ಸಾಕು. ಗೊಬ್ಬರ ಬೇಡ. ನೆರಳಿನಲ್ಲಿ, ಬುಡ ತಾಗುವಷ್ಟು ನೀರಿರುವ ಅಗಲ ತಟ್ಟೆಯಲ್ಲಿ ಇಡಿ. ನೀರು ಆಗಾಗ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ! ಮಳೆಗಾಲ ಪೂರ್ತಿ ಮನೆ ಹತ್ತಿರವೇ ಬೆಳೆಯಲಿ.

ನೆಡುವಾಗ ಹೊಂಡ ತೋಡುವುದಕ್ಕಿಂತ ಕಲ್ಲುಗಳ ಸಂದಿ ಹುಡುಕಿ. ಬೇರಿನ ಸುತ್ತ ಮರಳು ತುಂಬಿ, ಎರಡು ಕಲ್ಲು ಒತ್ತಿ ಕೂರಿಸಿ. ಗಿಡ ನೀರು ಹರಿಯುವ ದಿಕ್ಕಿಗೆ ವಾಲಿರಲಿ. ನೆಟ್ಟಗೆ ನಿಂತರೆ ನೆರೆಯಲ್ಲಿ ಬರುವ ಕಸಕಡ್ಡಿ ಸಿಕ್ಕಿ ಬುಡಸಮೇತ ಎಳೆಯುತ್ತದೆ. ಬೇಸಿಗೆಯಲ್ಲಿ ಬುಡ ಒಣಗದಂತೆ ನೋಡಿ. ಮೊದಲ ಮಳೆಗಾಲದ ನಂತರ ಎಲೆಯೆಲ್ಲ ಹೋಗಿ ಬರೀ ಕೋಲು ಕಾಣುತ್ತದೆ. ಸತ್ತಿತು ಅಂತ ಕೀಳಬೇಡಿ, ಬುಡದಿಂದ ಚಿಗುರುತ್ತದೆ.

ನಿಮ್ಮ ಪುಣ್ಯ, ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಒಂದರ ಹಿಂದೆ ಒಂದು ಕಟ್ಟಿದ್ದಾರೆ. ವರ್ಷಪೂರ್ತಿ ನಿಂತ ನೀರಿನಡಿ ಈ ಗಿಡ ಬದುಕದು, ಇದಕ್ಕೆ ಹರಿವು ಬೇಕು, ಬೇಸಿಗೆಯಲ್ಲಿ ತಲೆ ಹೊರಗಿರಬೇಕು. ಕುಮಟಾ ಕಡೆಯ ನೆಂಟರು ಕೇಳಿದರೆ ಉಪ್ಪುನೀರು ಏರುವ ಜಾಗಕ್ಕೆ ಕೊಡಬೇಡಿ. ಅಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಗಿಡವೇ ಸರಿ.

ತೋಟದ ಮಣ್ಣು ಕುಸಿಯುವುದನ್ನು ಇದೊಂದೇ ತಡೆಯುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಇದು ಹೊಳೆಯೊಳಗಿನ ಕಲ್ಲಿನ ಗಿಡ. ಮೇಲಿನ ಮೆತ್ತನೆ ಮಣ್ಣಿನ ದರೆಗೆ ಕೇದಗೆ ಜಾತಿಯ ಮುಂಡಿಗೆ ಗಿಡ ಹಾಕಿ, ಅದರ ಹಿಂದೆ ಹೊಳೆಮತ್ತಿ ಮರ. ಅವೆರಡನ್ನು ಬೇಕಾದರೆ ಜೂನ್‌ನಲ್ಲೇ ನೆಡಬಹುದು.