ಮಣ್ಣಿಲ್ಲದ ಬೇಸಾಯದಲ್ಲಿ ಬೇರಿನ ಆರೈಕೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವೇ ಹೆಚ್ಚು. ಬಹಳಷ್ಟು ಜನ ಎಲೆಯ ತೊಂದರೆ ಬರೆದು, ಏನು ಸಿಂಪಡಿಸಲಿ ಎಂದು ಕೇಳಿದ್ದಾರೆ. ಬಹುತೇಕ ಪತ್ರಗಳಲ್ಲಿ ಉತ್ತರ ಬೇರಿನಲ್ಲಿತ್ತು. ನೀರಿನಲ್ಲಿ ಬೆಳೆಯುವ ಗಿಡ ನೀರು ಸಾಲದೆ ಕೆಡುವುದು ಅಪರೂಪ, ಬೇರಿಗೆ ಗಾಳಿ ಸಾಲದೆ ಕೆಡುವುದೇ ಹೆಚ್ಚು.

ಪ್ರಶ್ನೆ: ನಮ್ಮ ಮಾಳಿಗೆ ಮ್ಯಾಲ ನಾಲ್ಕಿಂಚಿನ ಪಿವಿಸಿ ಪೈಪಿನ್ಯಾಗ ಲೆಟ್ಯೂಸ್, ಪಾಲಕ್ ಹಚ್ಚೀವಿ. ಯುಗಾದಿ ತನಕ ಚೆಂದ ಇದ್ದವು. ಈಗ ಮಧ್ಯಾಹ್ನ ಬಾಡತಾವ, ಸಂಜಿಗೆ ಮತ್ತ ಏಳತಾವ. ಬೇರು ಕಂದು ಆಗ್ಯಾವ. ನೀರಂತೂ ಹರಿತಾನ ಐತಿ. ಟಾನಿಕ್ ಹಾಕಬೇಕೇನ್ರೀ? 200 ಲೀಟರಿನ ಕಪ್ಪು ಟ್ಯಾಂಕ್ ಐತಿ.
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಟಾನಿಕ್ ಬೇಡ, ಮೊದಲು ಒಂದು ಥರ್ಮಾಮೀಟರ್ ತಂದು ಮಧ್ಯಾಹ್ನ ಮೂರು ಗಂಟೆಗೆ ಟ್ಯಾಂಕಿನ ನೀರಿಗೆ ಇಳಿಸಿ. 20 ಡಿಗ್ರಿಯ ನೀರಿನಲ್ಲಿ ಹೆಚ್ಚೆಂದರೆ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ, 35ಕ್ಕೆ 7ರ ಆಸುಪಾಸು. ಇದು ಕೇಳಲು ದೊಡ್ಡ ಇಳಿಕೆ ಅನ್ನಿಸದು. ಆದರೆ ಬಿಸಿ ಏರಿದಂತೆ ಬೇರಿನ ಉಸಿರಾಟ ಹೆಚ್ಚುತ್ತದೆ, ಹತ್ತು ಡಿಗ್ರಿಗೆ ಸುಮಾರು ಎರಡು ಪಟ್ಟು. ಬೇಕಾದದ್ದು ಏರುತ್ತಿರುವಾಗ ಸಿಗುವುದು ಇಳಿಯುತ್ತಿರುತ್ತದೆ. ಪೈಪಿನ ಮೊದಲ ಗಿಡಗಳು ಇದ್ದ ಗಾಳಿಯನ್ನು ಬಳಸಿಕೊಂಡರೆ ಕೊನೆಯವಕ್ಕೆ ಉಳಿಯುವುದು ಕಡಿಮೆ. ಉಸಿರುಗಟ್ಟಿದ ಬೇರು ನೀರೆಳೆಯಲಾರದು, ಆದ್ದರಿಂದಲೇ ನೀರಿನ ಮೇಲೇ ಕೂತ ಗಿಡ ಬಾಡುವುದು. ಅಂಥ ಬೇರಿಗೆ ಪಿಥಿಯಮ್ ಎಂಬ ಕೊಳೆರೋಗ ಹತ್ತುತ್ತದೆ. ಅದರ ಬೀಜಕಗಳು ನೀರಿನಲ್ಲಿ ಈಜಬಲ್ಲವು, ಒಂದು ಗಿಡಕ್ಕೆ ಬಂದರೆ ಅದೇ ಟ್ಯಾಂಕಿನ ಎಲ್ಲ ಪೈಪಿಗೂ ಹೋಗುತ್ತದೆ.

ಕಂದು ಬಣ್ಣ ಕಂಡಾಕ್ಷಣ ಕೊಳೆ ಎನ್ನಬೇಡಿ. ಕಬ್ಬಿಣಾಂಶದ ಗೊಬ್ಬರದಿಂದ ಗಟ್ಟಿಮುಟ್ಟಾದ ಬೇರೂ ಬಣ್ಣ ಹಿಡಿಯುತ್ತದೆ. ಒಂದು ಎಳೆ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ, ಕೆಟ್ಟ ವಾಸನೆಯೂ ಇದ್ದರೆ, ಅದು ಕೊಳೆ. ಎಳೆದರೂ ಗಟ್ಟಿಯಾಗಿದ್ದು ತುದಿ ಬೆಳ್ಳಗಿದ್ದರೆ ಅದು ಬರೀ ಬಣ್ಣ.

ಕೊಳೆಯೇ ಆಗಿದ್ದರೆ ಆ ಗಿಡಗಳನ್ನು ಉಳಿಸಲು ಹೋಗಬೇಡಿ, ಕಿತ್ತು ಹಾಕಿ. ಟ್ಯಾಂಕಿನ ಗೊಬ್ಬರದ ದ್ರಾವಣ ಚೆಲ್ಲಿ, ಪೈಪಿನೊಳಗಿನ ಬೇರಿನ ಚೂರು, ಲೋಳೆಯನ್ನು ಬ್ರಶ್‌ನಿಂದ ಉಜ್ಜಿ ತೆಗೆಯಿರಿ, ಅವು ಉಳಿದರೆ ಮದ್ದು ಒಳಕ್ಕೆ ತಲುಪದು. ಆಮೇಲೆ ಲೀಟರಿಗೆ 2 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾದ ನೀರನ್ನು ಪಂಪ್ ಮೂಲಕ ಅರ್ಧ ಗಂಟೆ ತಿರುಗಿಸಿ, ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಪಿಎಚ್ (ದ್ರಾವಣದ ಹುಳಿ-ಕ್ಷಾರದ ಅಳತೆ) ಇಳಿಸುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವ ಕಾರಣಕ್ಕೂ ಒಂದಕ್ಕೊಂದು ಸೇರಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ತಂಪಿನ ಮಾತು. ಐಸ್ ಬಾಟಲಿ ಹಾಕಿದರೆ ಸಾಕೇ ಎಂದು ಹಲವರು ಕೇಳುತ್ತಾರೆ. 200 ಲೀಟರ್ ನೀರನ್ನು 33ರಿಂದ 28 ಡಿಗ್ರಿಗೆ ಇಳಿಸಲು ಒಂಬತ್ತು ಹತ್ತು ಕೆ.ಜಿ. ಐಸ್ ಪೂರ್ತಿ ಕರಗಬೇಕು, ಅದೂ ಹೊರಗಿನ ಬಿಸಿ ಒಳಗೆ ಬರುವುದನ್ನು ಲೆಕ್ಕಕ್ಕೆ ಹಿಡಿಯದೆ. ಎರಡು ಬಾಟಲಿಯಿಂದ ಏನೂ ಆಗದು. ಬಿಸಿ ಬರುವ ದಾರಿಯನ್ನೇ ಮುಚ್ಚುವುದು ಅಗ್ಗ. ಟ್ಯಾಂಕನ್ನು ಬಿಸಿಲಿನಿಂದ ಕೆಳಗಿಳಿಸಿ ನೆರಳಿಗೆ ತನ್ನಿ, ಸಾಧ್ಯವಿದ್ದರೆ ಕುತ್ತಿಗೆವರೆಗೆ ನೆಲದಲ್ಲಿ ಹೂಳಿ. ಹೂಳಲಾಗದಿದ್ದರೆ ಗೋಣಿ ತಟ್ಟು ಸುತ್ತಿ ದಿನವಿಡೀ ತೇವ ಇಡಿ. ಬಳ್ಳಾರಿಯ ಏಪ್ರಿಲ್ ಗಾಳಿ ಒಣಗಿರುವುದರಿಂದ ಈ ಉಪಾಯ ನಿಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟು ಮಾಡದು. ಪೈಪಿಗೆ ಬಿಳಿ ಬಣ್ಣ ಬಳಿಯಿರಿ, ಮೇಲೆ ಶೇಡ್ ನೆಟ್ ಕಟ್ಟಿ. ಪೈಪಿನಿಂದ ಬರುವ ನೀರು ಟ್ಯಾಂಕಿಗೆ ಒಂದು ಅಡಿ ಮೇಲಿನಿಂದ ಬೀಳಲಿ, ಬೀಳುವಾಗ ಗಾಳಿ ಸೇರುತ್ತದೆ. ಪೈಪಿನ ಇಳಿಜಾರು ಮೀಟರಿಗೆ 2ರಿಂದ 3 ಸೆಂ.ಮೀ., ಹರಿವು ಪ್ರತಿ ಪೈಪಿಗೆ ನಿಮಿಷಕ್ಕೆ 1ರಿಂದ 2 ಲೀಟರ್, ಉದ್ದ ಬೇಸಿಗೆಯಲ್ಲಿ ಆರು ಮೀಟರ್ ದಾಟದಿರಲಿ.

ಕರೆಂಟ್ ಹೋಗುವುದನ್ನೂ ಯೋಚಿಸಿ. ತೆಳು ಹರಿವಿನ ಪೈಪಿನಲ್ಲಿ ಪಂಪ್ ನಿಂತರೆ, 40 ಡಿಗ್ರಿ ಬಿಸಿಲಿಗೆ ಬೇರು ಒಂದು ಗಂಟೆಯೊಳಗೇ ಒಣಗಬಹುದು. ಇನ್ವರ್ಟರ್ ಇಲ್ಲದವರು ಬೇಸಿಗೆಯ ಮಟ್ಟಿಗೆ ಪೈಪಿನ ಇಳಿಜಾರು ತೆಗೆದು, ಹೊರಬಾಯಿಗೆ ಎರಡು ಸೆಂ.ಮೀ. ಎತ್ತರದ ತಡೆ ಇಟ್ಟು ಸ್ವಲ್ಪ ನೀರು ನಿಲ್ಲುವಂತೆ ಮಾಡಿ. ಇದರಿಂದ ಗಾಳಿ ಕೊಂಚ ಕಡಿಮೆಯಾಗುತ್ತದೆ, ಗಿಡವಂತೂ ಉಳಿಯುತ್ತದೆ.

ಲೆಟ್ಯೂಸನ್ನು ನವೆಂಬರ್‌ನಿಂದ ಫೆಬ್ರುವರಿವರೆಗೆ ಮಾತ್ರ ಬೆಳೆಯಿರಿ. ಏಪ್ರಿಲ್, ಮೇಯಲ್ಲಿ ಬಸಳೆ, ದಂಟು, ಪುಂಡಿಪಲ್ಲೆ ಹಚ್ಚಿ. ಬಳ್ಳಾರಿಯ ಬಿಸಿಲಿಗೆ ಹೊಂದುವ ಸೊಪ್ಪು ನಿಮ್ಮ ಮನೆಯಲ್ಲೇ ಇರುವಾಗ ಲೆಟ್ಯೂಸಿಗಾಗಿ ಮೇ ತಿಂಗಳಲ್ಲಿ ಇಷ್ಟು ಹೆಣಗುವುದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನೆಟ್ ಪಾಟಿನ ಕೆಳಗೆ, ನೀರಿಗೆ ತಾಗದ ಬೇರಿನ ಮೇಲೆ ಬಿಳಿ ಅರಳೆಯಂಥದ್ದು ಬೆಳೆದಿದೆ. ಬೂಷ್ಟೇ? ಹೈಡ್ರೋಜನ್ ಪೆರಾಕ್ಸೈಡ್ ಹಾಕಲೇ?
— ಮಾನ್ವಿ

ಉತ್ತರ: ಬೇರಿಗೇ ಅಂಟಿಕೊಂಡು, ಎಲ್ಲ ಕಡೆ ಸಮನಾಗಿ, ತೊಳೆದರೂ ಹೋಗದಂತಿದ್ದರೆ ಅವು ಬೇರುಗೂದಲು. ತೇವದ ಗಾಳಿಯಲ್ಲಿರುವ ಬೇರು ಹೀಗೇ ಬೆಳೆಯುತ್ತದೆ, ಆ ಭಾಗವೇ ಗಾಳಿ ಹೀರುವುದು. ಅದನ್ನು ಮುಳುಗಿಸುವಂತೆ ನೀರಿನ ಮಟ್ಟ ಏರಿಸಬೇಡಿ. ಪೆರಾಕ್ಸೈಡ್ ಬೇಡ. ಮುಂದೆಂದಾದರೂ ಬೇಕಾದರೆ, ಔಷಧಿ ಅಂಗಡಿಯ 3 ಪ್ರತಿಶತದ್ದು ಲೀಟರಿಗೆ 1ರಿಂದ 2 ಮಿ.ಲೀ. ಸಾಕು. ಟ್ರೈಕೋಡರ್ಮಾ (ಬೇರುಕೊಳೆ ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿದ ಟ್ಯಾಂಕಿಗೆ ಅದನ್ನು ಹಾಕಿದರೆ ಟ್ರೈಕೋಡರ್ಮಾ ಕೂಡ ಸಾಯುತ್ತದೆ.

ಪ್ರಶ್ನೆ: ನೆಟ್ ಮನೆಯಲ್ಲಿ ರಾಕ್‌ವೂಲ್ (ಕಲ್ಲಿನ ನಾರಿನ) ಸ್ಲ್ಯಾಬಿನ ಮೇಲೆ ಟೊಮ್ಯಾಟೊ ಇಟ್ಟಿದ್ದೇವೆ. ಮೂರು ವಾರವಾದರೂ ಬೇರು ಸಸಿ ಬೆಳೆಸಿದ ಕ್ಯೂಬಿನಲ್ಲೇ ಸುತ್ತುತ್ತಿದೆ, ಸ್ಲ್ಯಾಬಿಗೆ ಇಳಿಯುತ್ತಿಲ್ಲ. ಕ್ಯೂಬಿನ ಮೇಲೆ ಹಸಿರು ಪಾಚಿ, ಸಣ್ಣ ಕಪ್ಪು ನೊಣ. ದಿನಕ್ಕೆ ಹತ್ತಾರು ಸಲ ಒಂದೊಂದು ನಿಮಿಷ ಡ್ರಿಪ್ ಬಿಡುತ್ತೇವೆ.
— ಕುಷ್ಟಗಿ

ಉತ್ತರ: ಬೇರು ನೀರು ಹುಡುಕಿಕೊಂಡು ಹೋಗುವುದು, ಇದ್ದಲ್ಲಿ ಅದು ಕಡಿಮೆಯಾದಾಗ. ನಿಮ್ಮ ಡ್ರಿಪ್ಪರ್ ಗಂಟೆಗೆ 2 ಲೀಟರಿನದಾದರೆ ಒಂದು ನಿಮಿಷಕ್ಕೆ ಕೊಡುವುದು 33 ಮಿ.ಲೀ. ಅದು ಕ್ಯೂಬನ್ನು ಸದಾ ತೋಯಿಸಿಡುತ್ತದೆ, ಸ್ಲ್ಯಾಬಿಗೆ ಸರಿಯಾಗಿ ತಲುಪುವುದಿಲ್ಲ. ಒಂದು ಸಲಕ್ಕೆ ಮೂರು ನಿಮಿಷ, ಅಂದರೆ ಗಿಡಕ್ಕೆ 100 ಮಿ.ಲೀ. ಕೊಡಿ, ಸಲಗಳನ್ನು ಕಡಿಮೆ ಮಾಡಿ. ಮೊದಲ ನೀರು ಹೊತ್ತು ಹುಟ್ಟಿ ಒಂದೆರಡು ಗಂಟೆ ಕಳೆದ ಮೇಲೆ, ಕೊನೆಯದು ಹೊತ್ತು ಮುಳುಗುವ ಒಂದೆರಡು ಗಂಟೆ ಮೊದಲು. ರಾತ್ರಿ ಸ್ಲ್ಯಾಬು ಸ್ವಲ್ಪ ಆರಿದಾಗ ಒಳಗೆ ಗಾಳಿ ಸೇರುತ್ತದೆ.

ಸ್ಲ್ಯಾಬನ್ನು ಹೇಗೆ ಸಿದ್ಧಮಾಡಿದಿರಿ ಎಂದು ನೀವು ಬರೆದಿಲ್ಲ, ತಪ್ಪು ಬಹಳ ಸಲ ಅಲ್ಲೇ ಆಗುವುದರಿಂದ ವಿವರವಾಗಿ ಹೇಳುತ್ತೇವೆ. ರಾಕ್‌ವೂಲ್ ಎಂದರೆ ಕರಿಕಲ್ಲಿನ ಜಾತಿಯ ಬಸಾಲ್ಟನ್ನು 1500 ಡಿಗ್ರಿಗೂ ಮೇಲೆ ಕರಗಿಸಿ ನೂತ ನಾರು. ಹೊಸದರ ಪಿಎಚ್ 7ರಿಂದ 8 ಇರುತ್ತದೆ. ಪಿಎಚ್ 5.5ರ ತೆಳು ಪೋಷಕ ದ್ರಾವಣದಲ್ಲಿ ಒಂದು ದಿನ ನೆನೆಸಬೇಕು, 5ಕ್ಕಿಂತ ಕೆಳಗೆ ಇಳಿಸಿದರೆ ನಾರೇ ಹಾಳಾಗುತ್ತದೆ. ಪಿಎಚ್ ಇಳಿಸಲು ಫಾಸ್ಫಾರಿಕ್ ಆಸಿಡ್ ಬಳಸಿ, ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ನಿಂಬೆರಸ ಒಂದೆರಡು ದಿನದಲ್ಲಿ ಬಲ ಕಳೆದುಕೊಳ್ಳುತ್ತದೆ. ನೆನೆದ ಕ್ಯೂಬನ್ನು ಹಿಂಡಬೇಡಿ. ಹಿಂಡಿದರೆ ನಾರು ಕುಸಿದು ಗಾಳಿಯ ಜಾಗ ಹೋಗುತ್ತದೆ, ಮತ್ತೆ ಉಬ್ಬುವುದಿಲ್ಲ.

ಸ್ಲ್ಯಾಬಿನ ಪ್ಲಾಸ್ಟಿಕ್ ಚೀಲಕ್ಕೆ ಮೇಲಿನಿಂದ ದ್ರಾವಣ ತುಂಬಿ 24 ಗಂಟೆ ಬಿಡಿ. ಆಮೇಲೆ ಪಕ್ಕದಲ್ಲಿ, ತಳದ ಅಂಚಿನವರೆಗೂ ಇಳಿಯುವಂತೆ, ಎರಡು ಮೂರು ಕಡೆ ಸೀಳಿ. ಸೀಳು ಎರಡು ಗಿಡಗಳ ನಡುವೆ ಬರಲಿ, ಡ್ರಿಪ್ಪರಿನ ನೇರ ಕೆಳಗಿದ್ದರೆ ನೀರು ಸ್ಲ್ಯಾಬಿನಲ್ಲಿ ಹರಡದೆ ನೇರ ಹೊರಬೀಳುತ್ತದೆ. ಸೀಳು ತಳಕ್ಕಿಂತ ಎರಡು ಬೆರಳು ಮೇಲಿದ್ದರೆ ಅಷ್ಟು ನೀರು ಸದಾ ನಿಲ್ಲುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬಸಿಗಾಲುವೆ ಇಲ್ಲದ ಹೊಲ ಸವಳಾಗುವುದನ್ನು ನೀವು ನೋಡಿದ್ದೀರಿ. ಸ್ಲ್ಯಾಬಿನೊಳಗೂ ಅದೇ ಆಗುತ್ತದೆ: ತಳದ ಬೇರು ಉಸಿರುಗಟ್ಟುತ್ತದೆ, ಉಪ್ಪು ಕೂಡುತ್ತದೆ.

ಆದ್ದರಿಂದ ಬಸಿನೀರನ್ನು ದಿನವೂ ಅಳೆಯಿರಿ. ಒಂದು ಹೆಚ್ಚುವರಿ ಡ್ರಿಪ್ಪರನ್ನು ಬಾಟಲಿಗೆ ಬಿಡಿ, ಒಂದು ಸ್ಲ್ಯಾಬಿನ ಕೆಳಗೆ ತಟ್ಟೆ ಇಡಿ. ಮೂರು ಗಿಡದ ಸ್ಲ್ಯಾಬಿಗೆ ದಿನಕ್ಕೆ 6 ಲೀಟರ್ ಹೋದರೆ 1.2ರಿಂದ 1.8 ಲೀಟರ್ ಬಸಿಯಬೇಕು, ಅಂದರೆ ನೂರಕ್ಕೆ 20ರಿಂದ 30. ಕೊಡುವ ದ್ರಾವಣದ ಇಸಿ (ಕರಗಿದ ಉಪ್ಪು, ಗೊಬ್ಬರದ ಅಳತೆ) 2.5 ಇದ್ದು ಬಸಿನೀರಿನದು 3.5 ಆದರೂ ಚಿಂತೆಯಿಲ್ಲ. 4 ದಾಟಿದರೆ ಗೊಬ್ಬರವನ್ನು ಒಮ್ಮೆಲೇ ಇಳಿಸದೆ, ಪ್ರತಿ ಸಲದ ನೀರನ್ನು ಹೆಚ್ಚಿಸಿ ಬಸಿತ ಏರಿಸಿ.

ಈಗಿರುವ ಗಿಡಗಳಿಗೆ: ಕ್ಯೂಬನ್ನು ಸ್ವಲ್ಪ ಎತ್ತಿ ನೋಡಿ. ಸ್ಲ್ಯಾಬಿನ ಚೀಲಕ್ಕೆ ಕತ್ತರಿಸಿದ ಕಿಂಡಿ ಕ್ಯೂಬಿನಷ್ಟೇ ಅಗಲವಿರಬೇಕು. ಚಿಕ್ಕದಿದ್ದರೆ ಬೇರು ಪ್ಲಾಸ್ಟಿಕ್ಕಿನ ಮೇಲೇ ಹರಿದಾಡುತ್ತದೆ. ಮುಂದಿನ ಸಸಿಗಳನ್ನು ನೆಲದ ಹಾಳೆಯ ಮೇಲಲ್ಲ, ತಂತಿ ಜಾಲರಿಯ ಮೇಲೆ ಇಡಿ. ಕೆಳಗಿಳಿದ ತುದಿ ಗಾಳಿಗೆ ಒಣಗಿ ನಿಲ್ಲುತ್ತದೆ, ಒಳಗೆ ಪಕ್ಕದ ಬೇರುಗಳು ಒಡೆಯುತ್ತವೆ. ತಳದಲ್ಲಿ ಮೂರು ನಾಲ್ಕು ಬಿಳಿ ತುದಿ ಕಂಡ ದಿನವೇ ಸ್ಲ್ಯಾಬಿಗೆ ಸಾಗಿಸಿ.

ಪಾಚಿಗೆ ಬೆಳಕು ತಪ್ಪಿಸಿದರೆ ಸಾಕು. ಕಪ್ಪು ಬಿಳಿ ಪ್ಲಾಸ್ಟಿಕ್ಕಿನ ಚೌಕವನ್ನು ಬಿಳಿ ಮುಖ ಮೇಲೆ ಮಾಡಿ ಕ್ಯೂಬಿಗೆ ಹೊದಿಸಿ. ಪಾಚಿ ಹೋದರೆ ನೊಣವೂ ಕಡಿಮೆಯಾಗುತ್ತದೆ. ಅದರ ಹುಳುಗಳು ಪಾಚಿಯ ಜೊತೆಗೆ ಎಳೆಬೇರನ್ನೂ ತಿನ್ನುತ್ತವೆ, ಹಳದಿ ಅಂಟುಕಾರ್ಡು ತೂಗುಹಾಕಿ.

ಪ್ರಶ್ನೆ: ಬಸಳೆ, ಪುದೀನ ಬೇರು ಬೆಳೆದು ಪೈಪು ಕಟ್ಟಿಕೊಂಡು ನೀರು ಉಕ್ಕುತ್ತದೆ. ಕತ್ತರಿಸಬಹುದೇ?
— ಗಂಗಾವತಿ

ಉತ್ತರ: ಕತ್ತರಿಸಬಹುದು, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಸೊಪ್ಪು ಕೊಯ್ಯುವ ದಿನವೇ, ಸಂಜೆ ಹೊತ್ತು ಮಾಡಿ. ಎಲೆಯೂ ಕಡಿಮೆಯಾಗಿರುವುದರಿಂದ ಉಳಿದ ಬೇರಿಗೆ ಭಾರವಾಗದು. ಪ್ರತಿ ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ತುಂಡುಗಳನ್ನು ಪೈಪಿನೊಳಗೆ ಬಿಡಬೇಡಿ, ಪಂಪಿನ ಬಾಯಿಗೆ ಜಾಲರಿ ಕಟ್ಟಿ. ಪುದೀನ ಎರಡು ಮೂರು ಸಲ ಕತ್ತರಿಸಿದ ಮೇಲೆ ಹಳೆಯ ಗಿಡ ತೆಗೆದು ಹೊಸ ಕಡ್ಡಿ ಊರುವುದೇ ಮೇಲು. ಟೊಮ್ಯಾಟೊ, ಸೌತೆಯಂಥ ಕಾಯಿಬೆಳೆಯ ಬೇರಿಗೆ ಕತ್ತರಿ ಹಾಕಬೇಡಿ.

ಪ್ರಶ್ನೆ: ಬೋರಿನ ನೀರಿನ ಇಸಿಯೇ 1.8 ಇದೆ. ಬೇರು ಗಿಡ್ಡ, ದಪ್ಪ, ತುದಿ ಕಂದು. ಏನು ಮಾಡಲಿ?
— ರಾಯಚೂರು

ಉತ್ತರ: ಸೊಪ್ಪಿಗೆ ಗೊಬ್ಬರವೂ ಸೇರಿ ಬೇಕಾದ ಇಸಿ 1.2ರಿಂದ 1.8. ನಿಮ್ಮ ನೀರು ಗೊಬ್ಬರ ಹಾಕುವ ಮೊದಲೇ ಆ ಮಿತಿ ಮುಟ್ಟಿದೆ, ಅದರಲ್ಲಿ ಹೆಚ್ಚಿನದು ಗಿಡಕ್ಕೆ ಬೇಡದ ಸೋಡಿಯಂ, ಕ್ಲೋರೈಡ್ ಇರಬಹುದು. ನೀರು ತಿರುಗಿದಷ್ಟೂ ಗಿಡ ನೀರನ್ನು ಕುಡಿದು ಉಪ್ಪನ್ನು ಬಿಡುತ್ತದೆ. ಮಳೆನೀರು ಹಿಡಿಯಿರಿ. 100 ಚದರ ಮೀಟರ್ ಮಾಳಿಗೆಗೆ 600 ಮಿ.ಮೀ. ಮಳೆಯಾದರೆ ಬೀಳುವುದು 60,000 ಲೀಟರ್, ಐದರಲ್ಲಿ ಒಂದು ಪಾಲು ಹೋದರೂ 48,000 ಕೈಗೆ ಬರುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಇಸಿ 0.9ರ ಹತ್ತಿರ ಇಳಿಯುತ್ತದೆ. ಟ್ಯಾಂಕಿನ ದ್ರಾವಣವನ್ನು ಎರಡು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಪಾಲಕ್ ಉಪ್ಪನ್ನು ತಾಳುತ್ತದೆ, ಬೀನ್ಸ್ ಮತ್ತು ಸ್ಟ್ರಾಬೆರಿ ತಾಳವು.

ಪ್ರಶ್ನೆ: ರಾಕ್‌ವೂಲ್ ದೂರದಿಂದ ತರಿಸಬೇಕು. ನಮ್ಮೂರ ರೈಸ್ ಮಿಲ್ಲುಗಳಲ್ಲಿ ಹೊಟ್ಟು, ಬೂದಿ ಗುಡ್ಡೆ ಬಿದ್ದಿದೆ. ಅದರಲ್ಲೇ ಬೆಳೆಯಬಹುದೇ? ಹಳೆಯ ಸ್ಲ್ಯಾಬನ್ನು ಮತ್ತೆ ಬಳಸಬಹುದೇ?
— ಸಿಂಧನೂರು

ಉತ್ತರ: ಬಾಯ್ಲರಿನ ಬೂದಿ ಬೇಡವೇ ಬೇಡ. ಅದರ ಪಿಎಚ್ ತೀರಾ ಹೆಚ್ಚು, ಪುಡಿ ನುಣುಪಾಗಿ ನೀರಿಗೆ ಗಟ್ಟಿಯಾಗಿ ಕೂರುತ್ತದೆ. ಹಸಿ ಹೊಟ್ಟಿನಲ್ಲಿ ಉಳಿದ ಕಾಳು ಮೊಳೆಯುತ್ತದೆ, ಇಲಿ ಬರುತ್ತದೆ. ಬಳಸುವುದಾದರೆ ಹೊಟ್ಟನ್ನು ಕರ್ರಗಾಗುವಷ್ಟೇ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಡೆದು ಆರಿಸಿ, ಮೂರು ನಾಲ್ಕು ಸಲ ತೊಳೆದು ಪಿಎಚ್ ನೋಡಿ. ಏಳು ಪಾಲು ತೆಂಗಿನ ನಾರಿನ ಪುಡಿಗೆ ಮೂರು ಪಾಲು ಈ ಕರಿ ಹೊಟ್ಟು ಸೇರಿಸಿದರೆ ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ.

ನಾರಿನ ಪುಡಿ, ಅಂದರೆ ಕೋಕೋಪೀಟ್, ತಿಪಟೂರು, ಅರಸೀಕೆರೆ ಕಡೆಯಿಂದ ಸಿಗುತ್ತದೆ. ಹೊಸಬರಿಗೆ ನಾವು ಹೇಳುವುದು ಅದನ್ನೇ. 5 ಕೆ.ಜಿ. ಇಟ್ಟಿಗೆ ನೆನೆದರೆ 60ರಿಂದ 75 ಲೀಟರ್ ಆಗುತ್ತದೆ. ತೊಳೆದ ನೀರಿನ ಇಸಿ, ನೀವು ಹಾಕುವ ನೀರಿನದಕ್ಕಿಂತ 0.5ರೊಳಗೆ ಬರುವವರೆಗೆ ತೊಳೆಯಿರಿ. ಬಳಿಕ ಇಟ್ಟಿಗೆಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು ಮತ್ತೆ ತೊಳೆಯಿರಿ. ಇದನ್ನು ಬಿಟ್ಟರೆ ನಾರು ಪೊಟ್ಯಾಸಿಯಂ, ಸೋಡಿಯಂ ಬಿಟ್ಟುಕೊಟ್ಟು ಗಿಡದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಟೊಮ್ಯಾಟೊ ಕಾಯಿಯ ತುದಿ ಕೊಳೆಯುತ್ತದೆ.

ಹಳೆಯ ರಾಕ್‌ವೂಲ್ ಸ್ಲ್ಯಾಬನ್ನು, ಹಿಂದಿನ ಬೆಳೆಗೆ ಬೇರುರೋಗ ಬಂದಿರದಿದ್ದರೆ, ಇನ್ನೊಂದು ಬೆಳೆಗೆ ಬಳಸಿ. ಹಳೆಯ ಕ್ಯೂಬನ್ನು ತಿರುಚಿ ತೆಗೆಯಿರಿ, ಒಳಗಿನ ಬೇರನ್ನು ಕೀಳಲು ಹೋಗಬೇಡಿ, ನಾರು ಹರಿದು ಸ್ಲ್ಯಾಬು ಹಾಳಾಗುತ್ತದೆ. ಬಸಿನೀರಿನ ಇಸಿ ಇಳಿಯುವವರೆಗೆ ತೆಳು ದ್ರಾವಣ ಹಾಯಿಸಿ, ಹೊಸ ಸಸಿಯನ್ನು ಹಳೆಯ ಜಾಗಗಳ ನಡುವೆ ಇಡಿ. ಹಳೆಯ ಬೇರು ಕರಗುತ್ತಾ ಗಾಳಿಯ ಜಾಗ ತುಂಬುವುದರಿಂದ ಎರಡನೆಯ ಬೆಳೆಗೆ ಒಂದು ಸಲಕ್ಕೆ ಕೊಡುವ ನೀರು ಸ್ವಲ್ಪ ಕಡಿಮೆ ಇರಲಿ. ರೋಗ ಬಂದಿದ್ದರೆ ಎಸೆಯಿರಿ. ಅದು ಮಣ್ಣಿನಲ್ಲಿ ಕರಗದು, ಬೆಂಕಿಗೆ ಹಾಕಿದರೆ ಸುಡುವುದು ಪ್ಲಾಸ್ಟಿಕ್ ಮಾತ್ರ. ಹೊಲದ ಬದುವಿನಲ್ಲಿ ಸುರಿಯಬೇಡಿ. ಒಣಗಿದ ಸ್ಲ್ಯಾಬು ಮುಟ್ಟುವಾಗ ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್ ಇರಲಿ, ಅದರ ನಾರು ಚರ್ಮಕ್ಕೆ ತುರಿಕೆ, ಗಂಟಲಿಗೆ ಕೆರೆತ ತರುತ್ತದೆ.