ಸಕ್ಕರೆ, ಅನ್ನ ಬಿಟ್ಟರೆ ಅಮ್ಮನ ರುಮಟಾಯ್ಡ್ ಸಂಧಿವಾತ ಕಡಿಮೆಯಾಗುತ್ತಾ?

ನಿಮ್ಮ ತಾಯಿಗೆ ರುಮಟಾಯ್ಡ್ ಸಂಧಿವಾತ ಇದೆ. ಊದಿದ ಕೀಲು ಗ್ಲೂಕೋಸ್ ತಿಂದೇ ಬೆಳೆಯುತ್ತೆ ಅಂತ ಎಲ್ಲೋ ಓದಿ ಅವರು ಅನ್ನ, ಸಕ್ಕರೆ ಎರಡನ್ನೂ ಬಿಟ್ಟಿದ್ದಾರೆ. ಇದು ಸರಿಯಾ ಅಂತ ಕೇಳಿದ್ದೀರಿ. ಅವರು ಓದಿದ್ದು ನಿಜ, ಆದರೆ ಅನ್ನ ಬಿಟ್ಟಿದ್ದು ತಪ್ಪು. ನಾನು ಡಾಕ್ಟರ್ ಅಲ್ಲ, ಬೆಂಗಳೂರಿನ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನನ್ನ ಅಮ್ಮನಿಗೂ ಇದೇ ಕಾಯಿಲೆ. ನಮ್ಮ ಮನೆಯಲ್ಲೂ ಇದೇ ತಪ್ಪು ನಡೆದಿತ್ತು.

ಕೀಲಿನ ಒಳಗೆ ಸೈನೋವಿಯಂ ಅನ್ನೋ ತೆಳು ಪೊರೆ ಇದೆ. ಆರೋಗ್ಯವಾಗಿದ್ದಾಗ ಅದರ ಮೇಲ್ಭಾಗದಲ್ಲಿ ಒಂದೆರಡು ಸಾಲು ಜೀವಕೋಶಗಳಷ್ಟೇ ಇರುತ್ತವೆ. ಈ ಕಾಯಿಲೆಯಲ್ಲಿ ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳೇ ಅಲ್ಲಿಗೆ ನುಗ್ಗುತ್ತವೆ. ಪೊರೆ ದಪ್ಪವಾಗಿ ಬೆಳೆದು ಮೂಳೆಯನ್ನು ಕೊರೆಯುತ್ತದೆ. ಅಷ್ಟೊಂದು ಕೋಶಗಳಿಗೆ ರಕ್ತ ತಲುಪಿಸುವ ಆಮ್ಲಜನಕ ಸಾಲುವುದಿಲ್ಲ. ಆಗ ಎಚ್‌ಐಎಫ್-1 ಅನ್ನೋ ಪ್ರೋಟೀನ್ ಎಚ್ಚರಗೊಳ್ಳುತ್ತದೆ. (ಕೋಶಗಳು ಆಮ್ಲಜನಕದ ಕೊರತೆಯನ್ನು ಹೇಗೆ ಗುರುತಿಸುತ್ತವೆ ಅಂತ ಕಂಡುಹಿಡಿದವರಿಗೆ 2019ರಲ್ಲಿ ನೊಬೆಲ್ ಬಂತು. ಪ್ರತಿ ವರ್ಷ ಈ ಪಾಠ ಮಾಡುವಾಗ ನನಗೆ ಅಮ್ಮನ ಬೆರಳುಗಳೇ ಕಣ್ಣ ಮುಂದೆ ಬರುತ್ತವೆ.) ಎಚ್ಚರಗೊಂಡ ಈ ಪ್ರೋಟೀನ್ ಕೋಶಕ್ಕೆ ಗ್ಲೂಕೋಸ್ ಒಳಬಿಡುವ ಬಾಗಿಲುಗಳನ್ನು ಹೆಚ್ಚಿಸುತ್ತದೆ. ಒಂದು ಗ್ಲೂಕೋಸನ್ನು ಆಮ್ಲಜನಕದ ಜೊತೆ ಪೂರ್ತಿ ಬಳಸಿದರೆ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಸಿಗುತ್ತದೆ. ಈ ಕೋಶಗಳು ಅರ್ಧಕ್ಕೇ ನಿಲ್ಲಿಸುತ್ತವೆ, ಸಿಗೋದು 2 ಮಾತ್ರ. ಅದಕ್ಕೇ ಅವಕ್ಕೆ ಅಷ್ಟು ಹಸಿವು. ಉಳಿದದ್ದು ಲ್ಯಾಕ್ಟೇಟ್ ಆಗಿ ಹೊರಬರುತ್ತದೆ, ಅದು ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಊದಿದ ಕೀಲಿನ ನೀರಿನಲ್ಲಿ ಗ್ಲೂಕೋಸ್ ಕಡಿಮೆ, ಲ್ಯಾಕ್ಟೇಟ್ ಜಾಸ್ತಿ ಇರೋದು ಇದರಿಂದಲೇ.

ಹಾಗಾದರೆ ಸಕ್ಕರೆ ನಿಲ್ಲಿಸಿದರೆ ಆಯ್ತಲ್ವಾ? ಇಲ್ಲ. ನೀವು ಊಟ ಬಿಟ್ಟರೂ ಯಕೃತ್ತು ರಕ್ತದಲ್ಲಿ ಗ್ಲೂಕೋಸ್ ಇಳಿಯಲು ಬಿಡುವುದಿಲ್ಲ. ಮೊದಲು ಕೂಡಿಟ್ಟದ್ದನ್ನು ಕೊಡುತ್ತದೆ, ಆಮೇಲೆ ಮೈಯ ಮಾಂಸವನ್ನೇ ಕರಗಿಸಿ ಮಾಡಿಕೊಡುತ್ತದೆ. ಕೀಲಿಗೆ ಅದರ ಪಾಲು ಸಿಕ್ಕೇ ಸಿಗುತ್ತದೆ, ಸೊರಗೋದು ತೋಳು, ತೊಡೆ. ಈ ಕಾಯಿಲೆಯಲ್ಲಿ ಸ್ನಾಯು ಮೊದಲೇ ಕರಗುತ್ತಿರುತ್ತದೆ. ಕೀಲಿನ ಹಸಿವು ತಗ್ಗಬೇಕಾದರೆ ಉರಿಯೂತ ತಗ್ಗಬೇಕು. ಅದು ಮಿಥೋಟ್ರೆಕ್ಸೇಟ್‌ನಂಥ ಔಷಧಿಯ ಕೆಲಸ.

ನನ್ನ ಅಮ್ಮ ಮೂರು ತಿಂಗಳು ಅನ್ನ, ಮುದ್ದೆ ಎರಡೂ ಬಿಟ್ಟಳು. ಹೇಗೂ ಪಥ್ಯ ಮಾಡ್ತಿದ್ದೀನಲ್ಲ ಅಂತ ವಾರಕ್ಕೊಮ್ಮೆಯ ಮಿಥೋಟ್ರೆಕ್ಸೇಟ್ ಮಾತ್ರೆಯನ್ನೂ ಸುಮ್ನೆ ನಿಲ್ಲಿಸಿಬಿಟ್ಟಿದ್ದಳು. ನಮಗೆ ಹೇಳಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಕಾಫಿ ಫಿಲ್ಟರಿನ ಮೇಲಿನ ಡಬ್ಬಿ ಬಿಡಿಸಲು ಆಗದೆ ಅದನ್ನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತಿದ್ದಳು. ಆಗಲೇ ನನಗೆ ಗೊತ್ತಾಗಿದ್ದು.

ಸಕ್ಕರೆ ಬಗ್ಗೆ ಎಚ್ಚರ ಬೇಕಾದ ಜಾಗ ಬೇರೆ ಇದೆ. ಉರಿಯೂತ ಇದ್ದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತದ ಸಕ್ಕರೆ ಏರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನ, ಸಂಜೆ ಹೊತ್ತಿಗೆ ಸಕ್ಕರೆ ಏರಿಸುತ್ತದೆ. ನಾವೆಲ್ಲ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ, ನಾರ್ಮಲ್ ಬಂತು ಅಂತ ನೆಮ್ಮದಿಯಾಗಿ ಬರುತ್ತೇವೆ. ಅಮ್ಮನಿಗೆ ಖಾಲಿ ಹೊಟ್ಟೆಯಲ್ಲಿ 96 ಇತ್ತು, ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ 231. ಹಾಗಾಗಿ ಊಟದ ನಂತರದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಏರಿತು ಅಂತ ಪ್ರೆಡ್ನಿಸೊಲೋನ್ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ಇದೇ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಇದ್ದರೆ ಅದು ಸಕ್ಕರೆಯನ್ನು ಇಳಿಸಬಹುದು. ಶುಗರ್ ಮಾತ್ರೆಯೂ ಇದ್ದರೆ ಎರಡನ್ನೂ ಡಾಕ್ಟರಿಗೆ ತಿಳಿಸಿ.

ಕಾಫಿಗೆ ಸಕ್ಕರೆ ಕಡಿಮೆ ಮಾಡಿದರೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಇವತ್ತು ರಾತ್ರಿ ಅವರಿಗೆ ಒಂದಿಷ್ಟು ಅನ್ನ, ಬೇಳೆ ಸಾರು, ಪಲ್ಯ ಬಡಿಸಿ. ಪಕ್ಕದಲ್ಲಿ ಕೂತು, ವಾರದ ಮಾತ್ರೆ ಕೊನೆಯ ಸಲ ಯಾವಾಗ ತಗೊಂಡ್ರಿ ಅಂತ ಕೇಳಿ. ನಾನು ಮೂರು ತಿಂಗಳು ಅದನ್ನು ಕೇಳಿರಲಿಲ್ಲ.